ದಂಡ ತುಂಬಿತು, ಗುಂಡಿ ತುಂಬಲಿಲ್ಲ

“ಮೇಷ್ಟ್ರೇ, ಮಳೆಕೊಯ್ಲು ಮಾಡಿಸದ ಮನೆಗೆ ನೀರಿನ ಬಿಲ್ಲಲ್ಲೇ ದಂಡ ಹಾಕ್ತಾರಂತೆ. ಒಳ್ಳೇದೇ ಅಲ್ವಾ?”

“ಒಳ್ಳೇದೇ ರಂಗಣ್ಣ. ಬೆಂಗಳೂರಿಗೆ ಆ ಕಾನೂನು ಬಂದಿದ್ದು 2009ರಲ್ಲಿ. ಜನ ಪೈಪು ಹಾಕಿಸಲಿ ಅಂತಲೇ ದಂಡ. ಆದ್ರೆ ಪೈಪು, ಇಂಗುಗುಂಡಿ ಅಂದ್ರೆ ಒಂದೇ ಏಟಿಗೆ ಕೈ ಕಚ್ಚುತ್ತೆ. ದಂಡ ತಿಂಗಳಿಗಿಷ್ಟು ಅಂತ ಕಂತಲ್ಲಿ ಹೋಗುತ್ತೆ. ಲೆಕ್ಕ ಬಲ್ಲೋನು ಕಂತೇ ಕಟ್ತಾನೆ. ಕಟ್ಟಿಸ್ಕೊಳ್ಳೋರಿಗೂ ವರಮಾನ. ಎಲ್ಲರೂ ಗುಂಡಿ ತೋಡಿಬಿಟ್ರೆ ಆ ಬಾಬ್ತು ಬತ್ತಿಹೋಗಲ್ವಾ?”

“ಎಷ್ಟೋ ಮನೇಲಿ ಹಾಕಿಸಿದ್ದಾರಲ್ಲ?”

“ಹಾಕಿಸಿದ್ದಾರೆ. ಡ್ರಮ್ಮಲ್ಲಿ ಜಲ್ಲಿ, ಮರಳು, ಇದ್ದಿಲು. ತಪಾಸಣೆ ಮುಗಿದ ಮೇಲೆ ಅದರಲ್ಲೇ ಕರಿಬೇವು ನೆಟ್ಟವ್ರೆ. ಸೊಗಸಾಗಿ ಚಿಗುರಿದೆ.”

“ಹಂಗಾದ್ರೆ ಮಳೆನೀರು ನೋಡ್ಕೊಳ್ಳೋಕೆ ಎಲ್ಲ ಇಲಾಖೆ ಸೇರಿಸಿ ಒಂದು ಸಮನ್ವಯ ಸಮಿತಿ ಮಾಡಿದ್ರೆ?”

“ಮಾಡಬಹುದು. ರಸ್ತೆ ಒಬ್ಬರದು, ಒಳಚರಂಡಿ ಇನ್ನೊಬ್ಬರದು, ಕೆರೆ ಮತ್ತೊಬ್ಬರದು. ಸಭೆ ನಡೆಯುತ್ತೆ, ಬಾಟಲಿ ನೀರೂ ಬರುತ್ತೆ. ಮಳೆಗೆ ಮಾತ್ರ ಶಿಸ್ತಿಲ್ಲ ನೋಡು, ನಡಾವಳಿಗೆ ಸಹಿ ಬೀಳೋಕೆ ಮುಂಚೇನೇ ಸುರಿದುಬಿಡುತ್ತೆ.”

“ಆದ್ರೂ 2024ರ ಮಾರ್ಚಲ್ಲಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಬಿಗಿ ಮಾಡಿದ್ರು!”

“ನ್ಯಾಯವೇ. ನೂರು ಕಿಲೋಮೀಟರ್ ದೂರದಿಂದ ಪಂಪು ಹತ್ತಿ ಬರೋ ಕಾವೇರಿ ಅದು.”

“ಮತ್ತೆ ಮಳೆಗಾಲದಲ್ಲಿ ರಸ್ತೇನೇ ಸೀಟಿನ ತನಕ ಕಾರು ತೊಳೀತದಲ್ಲ, ಅದರ ಬಿಲ್ಲು ಯಾರ ಮನೆಗೆ ಕಳಿಸ್ತಾರೆ ಮೇಷ್ಟ್ರೇ?”