ದಂಡಮೀಮಾಂಸೆ: ಅನಿವಾಸಿ ಪ್ರಜ್ಞೆಯಲ್ಲಿ ಲಾಠಿಯ ಬಹುಸ್ತರೀಯ ಆಯಾಮಗಳು

ಪ್ರಸ್ತುತ ಪ್ರಬಂಧವು ಅನಿವಾಸಿ ಪ್ರಜ್ಞೆಯ ನೆಲೆಯಲ್ಲಿ ರೂಪುಗೊಳ್ಳುವ ದಂಡಸಂಕಥನವನ್ನು ತೌಲನಿಕ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸಿ, ಅದರ ಬಹುಸ್ತರೀಯ ಆಯಾಮಗಳಿಗೆ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನ. ವಿಚಾರ ಸಂಕಿರಣಗಳಲ್ಲಿ ಕೂತು ರೂಢಿಯಿಲ್ಲದವರಿಗಾಗಿ ಇದನ್ನೇ ಬಿಡಿಸಿ ಹೇಳಬಹುದು. ಹೊರದೇಶದಲ್ಲಿ ನೆಲೆಸಿದ ನಮ್ಮವರು ಡಿಸೆಂಬರ್ ರಜೆಗೆ ಊರಿಗೆ ಬಂದಾಗ ‘ಅಲ್ಲೆಲ್ಲ ಹೀಗಲ್ಲಪ್ಪ, ರೂಲ್ಸ್ ಅಂದ್ರೆ ರೂಲ್ಸು’ ಎಂದು ಏಕೆ ಉಪದೇಶಿಸುತ್ತಾರೆ, ಉಪದೇಶಿಸಿದ ಸಂಜೆಯೇ ಭಾವಮೈದುನನ ಸ್ಕೂಟರ್ ಹತ್ತಿ ಹೆಲ್ಮೆಟ್ ಇಲ್ಲದೆ ಒನ್‌ವೇಯಲ್ಲಿ ಏಕೆ ನುಗ್ಗುತ್ತಾರೆ ಎಂಬುದರ ಶೋಧ ಇದು. ಕನ್ನಡದಲ್ಲಿ ‘ದಂಡ’ ಎಂಬ ಪದಕ್ಕೆ ಮೂರು ಅರ್ಥಗಳು ಮುಖ್ಯ. ಒಂದು ಕೋಲು, ಎರಡನೆಯದು ಜುಲ್ಮಾನೆ, ಮೂರನೆಯದು ವ್ಯರ್ಥ. ‘ಹೋಗಿದ್ದೇ ದಂಡ’ ಅನ್ನುತ್ತೇವಲ್ಲ, ಆ ದಂಡ. ಜಗತ್ತಿನ ಸಮಸ್ತ ಪೊಲೀಸ್ ವ್ಯವಸ್ಥೆಗಳನ್ನೂ ಇದೇ ಪ್ರಕಾರ ಯಷ್ಟಿಪ್ರಧಾನ, ವಿತ್ತಪ್ರಧಾನ, ವ್ಯರ್ಥಪ್ರಧಾನ ಎಂದು ವಿಂಗಡಿಸಬಹುದೆಂಬುದು ನಮ್ಮ ಪ್ರಾಕ್ಕಲ್ಪನೆ.

ಯಷ್ಟಿಪ್ರಧಾನಕ್ಕೆ ಸಿಂಗಪುರ ಶ್ರೇಷ್ಠ ನಿದರ್ಶನ. 1994ರಲ್ಲಿ ಕಾರುಗಳಿಗೆ ಬಣ್ಣ ಎರಚಿ ಹಾಳುಗೆಡವಿದ್ದಕ್ಕಾಗಿ ಅಲ್ಲಿ ನೆಲೆಸಿದ್ದ ಅಮೆರಿಕದ ಹುಡುಗನೊಬ್ಬನಿಗೆ ಆರು ಬೆತ್ತದೇಟು ವಿಧಿಸಲಾಯಿತು. ಅಧ್ಯಕ್ಷ ಬಿಲ್ ಕ್ಲಿಂಟನ್ ಕೇಳಿಕೊಂಡ ಮೇಲೆ ಆರು ಹೋಗಿ ನಾಲ್ಕಾಯಿತು, ಸೊನ್ನೆಯಾಗಲಿಲ್ಲ. ಜಗತ್ತಿನ ಅತಿ ದೊಡ್ಡ ಶಿಫಾರಸಿನ ಬೆಲೆ ಸಿಂಗಪುರದಲ್ಲಿ ಎರಡು ಏಟು ಎಂದು ಇದರಿಂದ ಸಿದ್ಧಪಡುತ್ತದೆ. ಆದರೆ ಅದೇ ಸಿಂಗಪುರ 1992ರಲ್ಲಿ ಚೂಯಿಂಗ್ ಗಮ್ ಆಮದನ್ನೇ ನಿಷೇಧಿಸಿತು, ಕಸ ಎಸೆದವರಿಂದ ಡಾಲರುಗಳನ್ನು ಕೀಳುತ್ತದೆ. ಆದ್ದರಿಂದ ಅದು ವಿತ್ತಪ್ರಧಾನವೂ ಹೌದು. ಕಸ ಎಸೆದವರಿಂದಲೇ ಸಾರ್ವಜನಿಕ ಜಾಗಗಳ ಕಸ ಹೆಕ್ಕಿಸುವ ಶಿಕ್ಷೆಯೂ ಅಲ್ಲಿರುವುದರಿಂದ ಪೊರಕೆಪ್ರಧಾನವೆಂಬ ನಾಲ್ಕನೆಯ ವರ್ಗವನ್ನು ಸೃಷ್ಟಿಸಬೇಕಾಗುತ್ತದೆ. ಹೀಗೆ ನಮ್ಮ ವರ್ಗೀಕರಣ ಎರಡನೇ ಪ್ಯಾರಾದಲ್ಲೇ ಮಗುಚಿಕೊಂಡಿದೆ. ಪಿಎಚ್‌.ಡಿ. ಆಗಿದ್ದರೆ ಇನ್ನೂರು ಪುಟ ಎಳೆಯಬಹುದಿತ್ತು. ಇದು ಲೇಖನವಾದ್ದರಿಂದ ಕೈಬಿಡೋಣ.

ಅನಿವಾಸಿ ಪಂಥದ ಮೊದಲ ಸಿದ್ಧಾಂತ, ‘ಅಲ್ಲಿನ ಕಾನೂನೇ ಬೇರೆ’ ಎಂಬುದು. ಇದನ್ನು ಕಾನೂನು ಪುಸ್ತಕ ತೆರೆದವರು ಒಪ್ಪಲಾರರು. ಮೆಕಾಲೆ ಕರಡು ತಯಾರಿಸಿ, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯನ್ನೇ ಬಹುಪಾಲು ಎತ್ತಿಕೊಂಡು ಬ್ರಿಟಿಷರು 1872ರಲ್ಲಿ ಸಿಂಗಪುರದಲ್ಲೂ ಜಾರಿಗೊಳಿಸಿದರು. ಇಂದಿಗೂ ಅಲ್ಲಿ ಕೊಲೆಗೆ ಶಿಕ್ಷೆ ಹೇಳುವುದು 302ನೇ ಕಲಂ, ಮೋಸಕ್ಕೆ 420ನೇ ಕಲಂ. ನಮ್ಮಲ್ಲಿ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದು 420 ನಿವೃತ್ತವಾಯಿತು. ನಿವೃತ್ತವಾದದ್ದು ಸಂಖ್ಯೆ ಮಾತ್ರ. ಮೋಸ 318(4) ಎಂಬ ಹೊಸ ಹುದ್ದೆಯಲ್ಲಿ ಸೇವೆ ಮುಂದುವರಿಸಿದೆ. ಈಗ ಯಾರನ್ನಾದರೂ ‘ಫೋರ್ ಟ್ವೆಂಟಿ’ ಎಂದು ಬೈದರೆ ಕಲಂ ಸಮೇತ ಅರ್ಥವಾಗುವುದು ಸಿಂಗಪುರದ ವಕೀಲನಿಗೆ. ಒಂದೇ ಅಕ್ಕಿ, ಒಂದೇ ನೀರು. ಅಲ್ಲಿ ಅನ್ನವಾಯಿತು, ಇಲ್ಲಿ ಸೀದುಹೋಯಿತು. ದೋಷ ಅಕ್ಕಿಯದಲ್ಲ.

ಎರಡನೆಯ ಸಿದ್ಧಾಂತ ಇನ್ನೂ ಜನಪ್ರಿಯ: ‘ನಮ್ಮ ಜನವೇ ಸರಿಯಿಲ್ಲ, ರಕ್ತದಲ್ಲೇ ಇದೆ.’ ಈ ರಕ್ತಪರೀಕ್ಷೆಯನ್ನು ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಯಾರ್ಕಿನಲ್ಲಿ ಮಾಡಿ ಮುಗಿಸಿದ್ದಾರೆ. ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಪಾರ್ಕಿಂಗ್ ದಂಡ ಕಟ್ಟದಿದ್ದರೂ ನಡೆಯುತ್ತಿದ್ದ ಕಾಲ ಅದು. 1997ರಿಂದ 2002ರವರೆಗಿನ ಲೆಕ್ಕದಲ್ಲಿ ಕುವೈತಿನ ಪ್ರತಿನಿಧಿಗಳು ವರ್ಷಕ್ಕೆ ತಲಾ ಇನ್ನೂರಕ್ಕೂ ಹೆಚ್ಚು ಚೀಟಿ ಬಾಕಿ ಉಳಿಸಿಕೊಂಡರು. ನಾರ್ವೆ, ಸ್ವೀಡನ್, ಜಪಾನಿನವರದು ಸೊನ್ನೆ. ‘ನೋಡಿದಿರಾ, ಸಂಸ್ಕಾರ!’ ಎಂದು ಅನಿವಾಸಿ ಪಂಥ ಇಲ್ಲಿ ಚಪ್ಪಾಳೆ ತಟ್ಟಬಹುದು. ಹುಟ್ಟೂರಿನ ರೂಢಿ ಮನುಷ್ಯನ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ ಎಂಬುದು ನಿಜ. ಆದರೆ ಆ ಅರ್ಥಶಾಸ್ತ್ರಜ್ಞರ ಪ್ರಬಂಧದ ಉತ್ತರಾರ್ಧವನ್ನೂ ಓದಬೇಕು. 2002ರ ಕೊನೆಗೆ, ಬಾಕಿ ಉಳಿಸಿಕೊಂಡ ಕಾರಿನ ರಾಜತಾಂತ್ರಿಕ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ನಿಯಮ ಬಂತು. ಬಾಕಿ ಶೇಕಡ 98ರಷ್ಟು ಇಳಿಯಿತು. ಯಾರ ರಕ್ತವನ್ನೂ ಬದಲಿಸಬೇಕಾಗಲಿಲ್ಲ, ಎರಡು ತಿರುಪು ಬಿಚ್ಚಿದರೆ ಸಾಕಾಯಿತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ದಂಡ ಎಷ್ಟು ದಪ್ಪ ಎಂಬುದರಲ್ಲಲ್ಲ, ಅದು ಎಷ್ಟು ಎತ್ತರದವರೆಗೆ ತಲುಪುತ್ತದೆ ಎಂಬುದರಲ್ಲಿ. ಫಿನ್ಲೆಂಡಿನಲ್ಲಿ 1921ರಿಂದಲೂ ದಂಡವನ್ನು ಆದಾಯಕ್ಕೆ ಕಟ್ಟಿ ಲೆಕ್ಕ ಹಾಕುವ ಪದ್ಧತಿಯಿದೆ. 2023ರಲ್ಲಿ ಅಲ್ಲಿನ ಒಬ್ಬ ಕೋಟ್ಯಧೀಶ 50ರ ಮಿತಿಯಲ್ಲಿ 82 ಕಿ.ಮೀ. ವೇಗದಲ್ಲಿ ಹೋಗಿ 1,21,000 ಯೂರೊ ತೆತ್ತ. ಅದೇ ವರ್ಷದ ಜನವರಿಯಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ, ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್, ಚಲಿಸುವ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕದೆ ವಿಡಿಯೊ ಮಾಡಿಕೊಂಡರು. ಲ್ಯಾಂಕಾಷೈರ್ ಪೊಲೀಸರು ‘ಲಂಡನ್ನಿನ 42 ವರ್ಷದ ವ್ಯಕ್ತಿಗೆ’ ದಂಡದ ನೋಟಿಸ್ ಕೊಟ್ಟಿರುವುದಾಗಿ ಪ್ರಕಟಿಸಿದರು. ಪದವಿಯಿಲ್ಲ, ಹೆಸರಿಲ್ಲ, ‘ಮಾನ್ಯ’ ಇಲ್ಲ. ಮರು ತಿಂಗಳೇ, ಫೆಬ್ರುವರಿ 2023ರಲ್ಲಿ, ಮಾವನ ಮನೆಯ ಕಡೆ ಏನಾಯಿತು? ವರ್ಷಗಳಿಂದ ಯಾರೂ ಕಟ್ಟದ ಸಂಚಾರ ದಂಡಗಳ ಮೇಲೆ ಕರ್ನಾಟಕ ಸರ್ಕಾರ ಶೇಕಡ 50 ರಿಯಾಯಿತಿ ಘೋಷಿಸಿತು. ಸೀರೆ ಅಂಗಡಿಗೆ ಆಷಾಢ ಬಂದಂತೆ ಜನ ಮುಗಿಬಿದ್ದರು, ನೂರು ಕೋಟಿಗೂ ಮಿಕ್ಕಿ ಸಂಗ್ರಹವಾಯಿತು, 2025ರಲ್ಲಿ ಮತ್ತೊಂದು ಸೇಲ್ ಬಂತು. ಸಕಾಲಕ್ಕೆ ಪೂರ್ತಿ ದಂಡ ಕಟ್ಟಿದವನೇ ಇಲ್ಲಿ ಪೆದ್ದ. ದಂಡದ ಮೂರನೆಯ ಅರ್ಥ ಕನ್ನಡ ನಾಡಿನಲ್ಲಿ ಏಕೆ ನೆಲೆಯೂರಿತು ಎಂಬ ನಿರುಕ್ತಕ್ಕೆ ಇದಕ್ಕಿಂತ ಆಧಾರ ಬೇಕಿಲ್ಲ.

ಆಕ್ಷೇಪ ಒಂದು: ಫಿನ್ಲೆಂಡ್, ಸಿಂಗಪುರಗಳು ಅಂಗೈಯಗಲದ ದೇಶಗಳು, ನಮ್ಮ ಜನಸಂಖ್ಯೆಗೆ ಅದೆಲ್ಲ ಆಗದು. ಆದರೆ ಮಂತ್ರಿಯ ಫೋನ್ ಬಂದಾಗ ಠಾಣೆಯಿಂದ ಒಬ್ಬನನ್ನು ಬಿಟ್ಟು ಕಳಿಸುವುದಕ್ಕೂ ಜನಸಂಖ್ಯೆಗೂ ಏನು ಸಂಬಂಧ? ಆ ಫೋನ್ ಮಾಡುವವರು ನೂರನಲವತ್ತು ಕೋಟಿ ಇಲ್ಲ. ಆಕ್ಷೇಪ ಎರಡು: ಆ ದೇಶಗಳೇನು ಸಾಚಾವೇ? ಅಲ್ಲ. ಅಮೆರಿಕದ ಫರ್ಗುಸನ್ ಪಟ್ಟಣದಲ್ಲಿ ಪೊಲೀಸರು ಕಪ್ಪು ಜನರ ಮೇಲೆ ದಂಡ ಹೇರುವುದನ್ನೇ ಪುರಸಭೆಯ ವರಮಾನ ಮಾಡಿಕೊಂಡಿದ್ದರೆಂದು ಅಲ್ಲಿನ ನ್ಯಾಯಾಂಗ ಇಲಾಖೆಯೇ 2015ರಲ್ಲಿ ಬರೆದಿಟ್ಟಿತು. ಕೊಲ್ಲಿ ದೇಶದ ಶಿಸ್ತನ್ನು ಹೊಗಳುವವನು ಹವಾನಿಯಂತ್ರಿತ ಕಚೇರಿಯ ಅನಿವಾಸಿ. ಅದೇ ವಿಮಾನದಲ್ಲಿ ಕರಾವಳಿಯಿಂದ ಹೋದ ಕೂಲಿಯವನ ಪಾಸ್‌ಪೋರ್ಟ್, ಕಾನೂನು ಬೇಡವೆಂದರೂ, ಮಾಲೀಕನ ಬೀರುವಿನಲ್ಲಿರುತ್ತದೆ. ಹಿಂಸೆ ತಾಳದೆ ಹೊರಬಿದ್ದರೆ ಅವನ ಮೇಲೆಯೇ ‘ಪರಾರಿ’ ಎಂಬ ದೂರು. ಅವನನ್ನು ಕೇಳಿ ಯಾರೂ ತೌಲನಿಕ ಅಧ್ಯಯನ ಬರೆಯುವುದಿಲ್ಲ. ಅನಿವಾಸಿ ಪ್ರಜ್ಞೆ ಎಂಬ ಈ ಭಾರೀ ಪದ ಕೊನೆಗೂ ಒಂದು ವೀಸಾದ ಹೆಸರು.

ಇಲ್ಲಿಂದ ಮುಂದೆ ಅಣಕ ಒಗ್ಗುವುದಿಲ್ಲ. ಬ್ರಿಟಿಷರು ತಮ್ಮ ಲಂಡನ್ನಿಗೆ 1829ರಲ್ಲಿ ಕಟ್ಟಿಕೊಂಡದ್ದು ಒಂದು ಪೊಲೀಸು. 1857ರ ಬಂಡಾಯದಿಂದ ಬೆದರಿ 1861ರ ಕಾಯ್ದೆಯಲ್ಲಿ ನಮಗೆ ಕೊಟ್ಟದ್ದು ಇನ್ನೊಂದು, ಐರ್ಲೆಂಡಿನವರನ್ನು ಅದುಮಿಡಲು ಮಾಡಿದ ಅಚ್ಚಿನದು. ಸ್ವಾತಂತ್ರ್ಯ ಬಂದ ಮೇಲೆ ಅದರ ಯಜಮಾನ ಬದಲಾದ, ಅಚ್ಚು ಬದಲಾಗಲಿಲ್ಲ. ಪೊಲೀಸರನ್ನು ಅಧಿಕಾರಸ್ಥರ ಮುಷ್ಟಿಯಿಂದ ಬಿಡಿಸಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ರಾಜ್ಯಗಳು ಇನ್ನೂ ನೆಪ ಹುಡುಕುತ್ತಿವೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ಭಾರತ ಅದನ್ನು ಅನುಮೋದಿಸಲಿಲ್ಲ. ಲಾಕಪ್ಪಿನಲ್ಲಿ ಸತ್ತವನ ತಾಯಿಗೆ ಪರಿಪ್ರೇಕ್ಷ್ಯ ಬೇಕಿಲ್ಲ, ಮಗನಿಗೆ ಏನಾಯಿತೆಂದು ಯಾರಾದರೂ ಹೇಳಿದರೆ ಸಾಕು. ಸಿಂಗಪುರದಲ್ಲಿ ಆರೋಪಿಯು ಸಾರ್ಜೆಂಟ್ ದರ್ಜೆಯ ಪೊಲೀಸನೆದುರು ಸ್ವಇಚ್ಛೆಯಿಂದ ಕೊಟ್ಟ ಹೇಳಿಕೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಕೇಳುತ್ತದೆ. ನಮ್ಮಲ್ಲಿ ಆರೋಪಿ ಪೊಲೀಸರೆದುರು, ಅವರ ದರ್ಜೆ ಎಷ್ಟೇ ದೊಡ್ಡದಿರಲಿ, ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. ಆ ಅಪನಂಬಿಕೆಗೆ ಕಾರಣವಿತ್ತು, ಈಗಲೂ ಇದೆ. 2024ರಲ್ಲಿ ಕಾಯ್ದೆ ಹೊಸದಾದಾಗ ಅದನ್ನೂ ಬದಲಿಸಿದೆವು: ಈಗ ಅದು 23ನೇ ಕಲಂ.