ಜೀಪಿಗೆ ಎಂತ ಒಡವೆ?

ಅಲ್ಲ ಗೌಡ್ರೇ, ನಿಮ್ಮ ಮಗ ಜೀಪಿಗೆ ಒಡವೆ ಹಾಕ್ಲೇಬೇಕೂಂತ ಹಟ ಹಿಡಿದಿದ್ದಾನಂತಲ್ಲ? ಹಾಕಲಿ. ಆದ್ರೆ ಆ ಉದ್ದದ ಎಲ್‌ಇಡಿ ಬಾರ್ ಒಂದು ಬೇಡ ಹೇಳಿ ಮಾರಾಯ್ರೆ. ಮೊನ್ನೆ ರಾತ್ರಿ ಕೋಲ್ಚಾರಿನ ಹತ್ತಿರ ಅಂಥದ್ದೊಂದು ಎದುರು ಬಂತು. ಮಾರ್ಗ ಯಾವುದು, ಚರಂಡಿ ಯಾವುದು, ಒಂದೂ ಕಾಣ್ಲಿಲ್ಲ.

ಹಳೇ ಗಾಡಿಗೆ ಏನೇ ಸಿಕ್ಕಿಸಿದರೂ ಅದಕ್ಕೊಂದು ಕೆಲಸ ಇರಬೇಕು, ನನಗೆ ಅಷ್ಟೇ. ಯುದ್ಧಕಾಲದ ವಿಲ್ಲೀಸ್ ಜೀಪಿನ ಹೆಡ್‌ಲೈಟ್ ಹೇಗಿತ್ತು ಗೊತ್ತುಂಟಾ? ಕೈಯಲ್ಲೇ ಒಂದು ನಟ್ಟು ಸಡಿಲಿಸಿದರೆ ದೀಪ ಹಿಂದಕ್ಕೆ ಮಗುಚಿ ಎಂಜಿನ್ನಿಗೇ ಬೆಳಕು ಬೀಳ್ತಿತ್ತು. ಕತ್ತಲಲ್ಲಿ ರಿಪೇರಿ ಮಾಡುವವನಿಗೆ ಟಾರ್ಚ್ ಹಿಡಿಯಲಿಕ್ಕೆ ಇನ್ನೊಬ್ಬ ಬೇಡ. ಅದು ಸಾಮಾನು! ಎದುರಿನ ಗಾಜು ಬಾನೆಟ್ಟಿನ ಮೇಲೆ ಮಲಗುವುದೂ ಶೋಕಿಗಲ್ಲ, ಗಾಡಿ ತಗ್ಗಾಗಲಿಕ್ಕೆ. ಈಗಿನವರು ಫೋಟೋಕ್ಕೆ ಮಲಗಿಸ್ತಾರೆ, ಹುಳ ಬಾಯಿಗೆ ಹೋದ ಮೇಲೆ ಎಬ್ಬಿಸ್ತಾರೆ.

ಏಳು ಸೀಳಿನ ಗ್ರಿಲ್ ಬಿಚ್ಚಿ ಒಂಬತ್ತು ಸೀಳಿನದ್ದು ಕೂರಿಸ್ತಾನಂತಾ? ಯಾಕೆ ಅಂತೇನೆ. ಒಂಬತ್ತರದ್ದು ಯುದ್ಧದ ಜೀಪಿಗೆ ಫೋರ್ಡಿನವರು ತಗಡು ಒತ್ತಿ ಮಾಡಿದ್ದು. ನಿಮ್ಮದು ಮಹೀಂದ್ರದ ಸಿಜೆ-3ಬಿ, ಎತ್ತರ ಬಾನೆಟ್ಟಿನ ಜಾತಿ. ಹರಿಕೇನ್ ಎಂಜಿನ್ ಎತ್ತರ ಆಗಿ ಹಳೇ ಬಾನೆಟ್ಟಿನಡಿ ಹಿಡಿಸ್ಲಿಲ್ಲ, ಅಳಿಯ ಉದ್ದ ಇದ್ದಾನೇಂತ ಮನೆಯ ಬಾಗಿಲು ಎತ್ತರಿಸಿದ ಹಾಗೆ ವಿಲ್ಲೀಸಿನವರು 1953ರಲ್ಲಿ ಬಾನೆಟ್ಟನ್ನೇ ಎತ್ತಿಬಿಟ್ಟರು. ಆ ಮೋರೆಗೆ ಬೇರೆಯವರ ಹಲ್ಲು ಸರಿ ಕಾಣ್ಲಿಕ್ಕಿಲ್ಲ.

ವಿಂಟೇಜ್ ಅಂತ ನೋಂದಣಿ ಮಾಡಿಸುವ ಆಸೆ ಇದ್ರೆ ಅದನ್ನೂ ಬಿಡಿ. 2021ರ ನಿಯಮದಲ್ಲಿ ಐವತ್ತು ವರ್ಷ ದಾಟಿದ್ರೆ ಸಾಲದು, ಗಾಡಿ ಮೂಲರೂಪದಲ್ಲೇ ಇರಬೇಕು, ಎಂಜಿನ್ನೂ ಸೇರಿ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಶುಲ್ಕ, ಮತ್ತೆ ದಿನಾ ಓಡಿಸ್ಲಿಕ್ಕೂ ಇಲ್ಲ. ನಿಮ್ಮಪ್ಪ ಪೆಟ್ರೋಲಿನ ಖರ್ಚು ತಡೆಯದೆ ಪ್ಯೂಜೋ ಡೀಸೆಲ್ ಎಂಜಿನ್ ಇಳಿಸಿದ್ರಲ್ಲ, ಅಲ್ಲಿಗೆ ಆ ದಾರಿ ಮುಗೀತು. ಮೂಲರೂಪ ನೋಡ್ಬೇಕಾದ್ರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಡಿಕೆ ಗೋಣಿ ಹೊರುವ ಗಾಡಿಗೆ ಆ ಮಡಿ ಎಂತಕ್ಕೆ?

ಮುಂದಿನ ಕಬ್ಬಿಣದ ಗಾರ್ಡೂ ಬೇಡ, 2017ರ ಡಿಸೆಂಬರಿನಲ್ಲೇ ಕೇಂದ್ರ ಸರಕಾರ ನಿಷೇಧಿಸಿದೆ. ಹಂದಿ ಅಡ್ಡ ಬಂದ್ರೆ ಅಂತೀರಿ. ಆನೆ ಬಂದ್ರೆ?

ನಮ್ಮ ಕಡೆಯ ನಿಜವಾದ ಒಡವೆ ಸರ್ವೀಸ್ ಜೀಪಿನದ್ದು. ಹಿಂದೆ ಕಾಲಿಡುವ ತಗಡಿನ ಮೆಟ್ಟಿಲು, ನೇತು ಹಿಡಿಯುವ ಕಂಬಿ, ಮಳೆ ಹೊಡೆದಾಗ ಇಳಿಬಿಡುವ ಟರ್ಪಾಲು. ಒಳಗೆ ಕೂತವರಿಗಿಂತ ಹೊರಗೆ ನೇತವರೇ ಜಾಸ್ತಿ ಇರ್ತಿದ್ರು. ಕಾನೂನಿಗೆ ಅದೂ ಆಗ್ತಿರಲಿಲ್ಲ ಬಿಡಿ, ಆದ್ರೆ ಆ ಕಂಬಿ ಸವೆದು ಹೊಳೆಯುತ್ತಿದ್ದ ಹೊಳಪನ್ನು ಯಾವ ಕ್ರೋಮಿಯಂ ಕೊಡ್ತದೆ? ಟರ್ಪಾಲಿನ ಬಣ್ಣವೂ ಹಸಿರೇ ಇರಲಿ. ಕರಿ ರೆಕ್ಸಿನ್ನು ಬಿಸಿಲಿಗೆ ಬೇಯಿಸ್ತದೆ.

ನನ್ನದೊಂದು ಚಪಲ ಹೇಳ್ತೇನೆ, ನಗಬೇಡಿ. ಹೆಡ್‌ಲೈಟಿಗೆ ಹಳದಿ ಬಲ್ಬು. ಫ್ರಾನ್ಸಿನಲ್ಲಿ 1993ರ ತನಕ ಕಾರಿಗೆಲ್ಲ ಹಳದಿ ದೀಪವೇ ಕಡ್ಡಾಯ ಇತ್ತು. ನಿಮ್ಮ ಎಂಜಿನ್ನೂ ಆ ಊರಿನದ್ದೇ ಅಲ್ವಾ, ಕಣ್ಣೂ ಅಲ್ಲಿಯದ್ದೇ ಇರಲಿ. ಕೆಲಸ ಎಂತ ಅಂತ ಕೇಳ್ಬೇಡಿ, ಚಂದ ಕಾಣ್ತದೆ. ಹಾಂ, ಈಗ ಹೇಳಿದ್ದಕ್ಕೆ ಇದು ವಿರುದ್ಧವೇ, ಇರಲಿ. ಮಗ ಸುಳ್ಯಕ್ಕೆ ಹೊರಟಾಗ ಒಂದು ಕೂ ಹಾಕ್ಲಿಕ್ಕೆ ಹೇಳಿ, ಅಂಗಡಿಗೆ ನಾನೂ ಬರ್ತೇನೆ.