ಒಂದಗುಳು ನ್ಯಾಯದ ಸೋಲು: ಫ್ರೀಜರ್ ಅನ್ನದ ಕುರಿತು ಒಂದು ಶಾಸ್ತ್ರವಿಚಾರ

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಅಡುಗೆಮನೆಗಳ ಮೂಲಸೂತ್ರ. ಸಂಸ್ಕೃತದವರು ಇದನ್ನೇ ಸ್ಥಾಲೀಪುಲಾಕ ನ್ಯಾಯ ಎಂದು ಕರೆದು ತರ್ಕದ ಮಟ್ಟಕ್ಕೆ ಏರಿಸಿದರು. ಪತಂಜಲಿಯ ಮಹಾಭಾಷ್ಯದಲ್ಲೇ ಇದರ ಮಾತು ಬರುತ್ತದೆ. ಅಂದರೆ ಸುಮಾರು ಎರಡು ಸಾವಿರ ವರ್ಷಗಳಿಂದ ಈ ಅಗುಳು ಎರಡು ಬೆರಳುಗಳ ನಡುವೆ ನಲುಗುತ್ತಲೇ ಇದೆ. ಹೆಣ್ಣು ನೋಡಲು ಹೋದವರು, ಚುನಾವಣಾ ಸಮೀಕ್ಷೆಯವರು, ಪುಸ್ತಕ ವಿಮರ್ಶಕರು ಎಲ್ಲರೂ ಬದುಕುತ್ತಿರುವುದು ಈ ನ್ಯಾಯದ ಆಸರೆಯಲ್ಲೇ. ಮೂರನೆಯವರಂತೂ ಅಗುಳನ್ನು ಮುಟ್ಟದೆ, ಪಾತ್ರೆಯ ಮುಚ್ಚಳ ನೋಡಿಯೇ ತೀರ್ಪು ಕೊಡಬಲ್ಲರು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಈ ನ್ಯಾಯದ ಅಧಿಕಾರವ್ಯಾಪ್ತಿ ಫ್ರೀಜರಿನ ಬಾಗಿಲ ಬಳಿ ಮುಗಿಯುತ್ತದೆ. ಹೆಪ್ಪುಗಟ್ಟಿದ ಅನ್ನವನ್ನು ಕರಗಿಸಿ ಬಿಸಿಮಾಡುವ ಸಂದರ್ಭದಲ್ಲಿ ಒಂದಗುಳು ಮತ್ತೊಂದರ ಪರವಾಗಿ ಸಾಕ್ಷಿ ಹೇಳಲಾರದು. ಹೇಳಿದರೆ ಅದು ಸುಳ್ಳುಸಾಕ್ಷಿ.

ಮೊದಲು ಲಕ್ಷಣವಿಚಾರ. ಫ್ರೀಜರಿನಲ್ಲಿರುವ ಅನ್ನವನ್ನು ತಂಗಳು ಎನ್ನಬಹುದೇ? ತಂಗಳು ಎಂಬ ಮಾತನ್ನು ತಣ್, ಕೂಳು ಎಂದು ಬಿಡಿಸುವುದುಂಟು. ತಣ್ಣಗಿರುವುದೇ ಲಕ್ಷಣವಾದರೆ ಮೈನಸ್ 18 ಡಿಗ್ರಿಯ ಅನ್ನ ಪರಮ ತಂಗಳಾಗಬೇಕು. ಆದರೆ ಆಗ ಊಟದ ನಡುವೆ ಫೋನು ಬಂತೆಂದು ಎದ್ದುಹೋದವನ ತಟ್ಟೆಯ ಅನ್ನವೂ ತಂಗಳಾಗಿ ಅತಿವ್ಯಾಪ್ತಿ ದೋಷ ತಗಲುತ್ತದೆ. 'ರಾತ್ರಿ ಕಳೆದಿರಬೇಕು' ಎಂಬ ವಿಶೇಷಣ ಸೇರಿಸಿ ಪಾರಾಗೋಣವೆಂದರೆ ಇನ್ನೊಂದು ತೊಡಕು: ಫ್ರೀಜರಿನಲ್ಲಿ ರಾತ್ರಿ ಕಳೆದದ್ದು ಮನೆಯವರಿಗೆ, ಅನ್ನಕ್ಕೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ. ಆ ಚಳಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ; ಹಾಗೆಂದು ಎಲ್ಲವೂ ಸಾಯುವುದೂ ಇಲ್ಲ. ಸರ್ಕಾರಿ ಕಡತಗಳಂತೆ ಇದ್ದಲ್ಲೇ ಇರುತ್ತವೆ, ಯಾರಾದರೂ ಹೊರತೆಗೆದ ದಿನ ಮತ್ತೆ ಜೀವ ತಾಳುತ್ತವೆ. ಹೀಗೆ ತಂಗಳೂ ಆಗದೆ ಬಿಸಿಯೂ ಉಳಿಯದೆ ಕಾಲದಿಂದ ಅಮಾನತಾಗಿರುವ ಈ ಪದಾರ್ಥಕ್ಕೆ ಚಿತ್ರಾನ್ನ, ಪರಮಾನ್ನಗಳ ಸಾಲಿನಲ್ಲಿ 'ಸ್ಥಗಿತಾನ್ನ' ಎಂಬ ಸಂಜ್ಞೆಯನ್ನು ಇಲ್ಲಿ ಬಳಸಲಾಗಿದೆ. ಒಳಗೆ ಹೋಗುವಾಗ ಏನೇನು ಪಾಪ ಹೊತ್ತುಕೊಂಡು ಹೋಯಿತೋ ಅಷ್ಟನ್ನೂ ಹೊತ್ತುಕೊಂಡೇ ಹೊರಬರುವ ಅನ್ನ ಎಂಬುದು ಇದರ ತಾತ್ಪರ್ಯ.

ಇನ್ನು ಒಂದಗುಳು ನ್ಯಾಯ ಪಾತ್ರೆಯಲ್ಲಿ ಗೆಲ್ಲುವುದೇಕೆ ಎಂಬುದನ್ನು ನೋಡಬೇಕು. ಕುದಿಯುವ ನೀರು ಸ್ವಭಾವತಃ ಸಮಾಜವಾದಿ. ತಳದಲ್ಲಿ ಕಾದದ್ದು ಮೇಲೇಳುತ್ತದೆ, ಮೇಲೆ ತಣಿದದ್ದು ಕೆಳಗಿಳಿಯುತ್ತದೆ, ಅಗುಳುಗಳು ಜಾತ್ರೆಯ ಜನರಂತೆ ಒಂದನ್ನೊಂದು ತಳ್ಳುತ್ತಾ ಸುತ್ತುತ್ತವೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಆದರೆ ಒಂದೇ ಪಾತ್ರೆಯೊಳಗೆ ಎಲ್ಲರಿಗೂ ಒಂದೇ ದರ. ಆದ್ದರಿಂದಲೇ ಅಲ್ಲಿ ಒಬ್ಬನನ್ನು ಹಿಡಿದು ವಿಚಾರಿಸಿದರೆ ಊರಿನ ಸಮಾಚಾರ ತಿಳಿಯುತ್ತದೆ. ಫ್ರೀಜರಿನಿಂದ ಬಂದ ಅನ್ನದ ಇಟ್ಟಿಗೆಯಲ್ಲಿ ಯಾರೂ ಅಲುಗಾಡುವಂತಿಲ್ಲ. ಅಲ್ಲಿಯ ಲೆಕ್ಕವೇ ಬೇರೆ: 0 ಡಿಗ್ರಿಯ ಮಂಜನ್ನು 0 ಡಿಗ್ರಿಯ ನೀರಾಗಿ ಮಾಡುವುದಕ್ಕೆ ಬೇಕಾದ ಶಾಖ, ಅದೇ ನೀರನ್ನು 80 ಡಿಗ್ರಿಯವರೆಗೆ ಕಾಯಿಸುವುದಕ್ಕೆ ಬೇಕಾದಷ್ಟಿರುತ್ತದೆ. ಅನ್ನದ ತೂಕದಲ್ಲಿ ಮೂರನೆಯ ಎರಡು ಪಾಲು ನೀರೇ. ಇಷ್ಟೆಲ್ಲಾ ಶಾಖವನ್ನು ನುಂಗಿಯೂ ಮಧ್ಯದ ಅಗುಳು ಸೊನ್ನೆಯಲ್ಲೇ ಕುಳಿತಿರುತ್ತದೆ.

ಮೈಕ್ರೋವೇವ್ ಒಲೆಯಲ್ಲಂತೂ ಅಸಮಾನತೆ ಪರಾಕಾಷ್ಠೆಗೆ ಹೋಗುತ್ತದೆ. ಅದರ 2.45 ಗಿಗಾಹರ್ಟ್ಸ್ ಅಲೆಗಳನ್ನು ನೀರು ಆಸೆಯಿಂದ ಹೀರುತ್ತದೆ. ಮಂಜು ಬಹುತೇಕ ಹಾಗೇ ಹಾದುಹೋಗಲು ಬಿಡುತ್ತದೆ. ಯಾವ ಮೂಲೆ ಮೊದಲು ಕರಗಿ ನೀರಾಯಿತೋ ಮುಂದಿನ ಶಾಖವೆಲ್ಲ ಆ ಮೂಲೆಗೇ ಸೇರುತ್ತದೆ. ಉಳ್ಳವರಿಗೆ ಇನ್ನಷ್ಟು, ಇಲ್ಲದವರಿಗೆ ಆಶ್ವಾಸನೆ. ಸಾಲದ್ದಕ್ಕೆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್ ಆದ್ದರಿಂದ ಒಲೆಯೊಳಗೆ ಆರಾರು ಸೆಂಟಿಮೀಟರ್ ಅಂತರದಲ್ಲಿ ಬಿಸಿಯ ಠಾಣೆಗಳು ಏಳುತ್ತವೆ. ತಿರುಗುವ ತಟ್ಟೆಯನ್ನು ಇಟ್ಟಿರುವುದೇ ಈ ಪಕ್ಷಪಾತಕ್ಕೆ ಪ್ರಾಯಶ್ಚಿತ್ತವಾಗಿ. ಎರಡು ನಿಮಿಷದ ಬಳಿಕ ಡಬ್ಬಿಯನ್ನು ಹೊರತೆಗೆದು ಹತ್ತಿರದಿಂದ ಪರಿಶೀಲಿಸಿದವರಿಗೆ ಕಾಣುವುದೇನು? ಅಂಚಿನ ಅಗುಳುಗಳು ಒಣಗಿ, ಅರೆಪಾರದರ್ಶಕವಾಗಿ, ಹಲ್ಲಿಗೆ ಕಟಕ್ ಎನ್ನುವಂತಾಗಿವೆ. ಅವಕ್ಕೆ ಒರಗಿಕೊಂಡವು ಹಬೆಯಾಡುತ್ತಿವೆ. ಅಲ್ಲಿಂದ ಒಂದು ಬೆರಳಿನಷ್ಟು ಒಳಗೆ, ಸುಣ್ಣದಷ್ಟು ಬೆಳ್ಳಗೆ, ಚಮಚ ತಾಗಿದರೆ ಸರ್ರೆನ್ನುವ ಮಂಜಿನ ಗಡ್ಡೆ. ಇದರಲ್ಲಿ ಯಾವ ಅಗುಳನ್ನು ಹಿಸುಕೋಣ? ಅಂಚಿನದನ್ನು ಕೇಳಿದರೆ ಅನ್ನ ಸುಟ್ಟಿದೆ, ನಡುವಿನದನ್ನು ಕೇಳಿದರೆ ಇನ್ನೂ ಒಲೆಯನ್ನೇ ಕಂಡಿಲ್ಲ. ಇಬ್ಬರೂ ಪ್ರಾಮಾಣಿಕರು.

ಇಲ್ಲಿ ಮೇಜುವಾದಿಗಳು ಪೂರ್ವಪಕ್ಷ ಹೂಡುತ್ತಾರೆ. ಡಬ್ಬಿಯನ್ನು ಬೆಳಿಗ್ಗೆಯೇ ತೆಗೆದು ಅಡುಗೆಕಟ್ಟೆಯ ಮೇಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಅಗುಳುಗಳೂ ಸಮವಾಗಿ ಕರಗಿ ನ್ಯಾಯ ಪುನಃ ಸ್ಥಾಪನೆಯಾಗುವುದಿಲ್ಲವೇ ಎಂದು ಅವರ ವಾದ. ಸಮವಾಗಿ ಎಂಬಲ್ಲೇ ದೋಷವಿದೆ. ಹೊರಗಿನ ಅಗುಳು 30 ಡಿಗ್ರಿಗೆ ಬಂದು ಹಾಯಾಗಿ ಕೂತಿರುವಾಗ ಒಳಗಿನದು ಇನ್ನೂ ಕಲ್ಲು. ರಾಯಚೂರಿನ ಏಪ್ರಿಲ್ ತಿಂಗಳಾದರೆ ಹೊರಗಿನದು 40ಕ್ಕೂ ಏರಬಹುದು. ಒಳಗಿನದನ್ನು ಕಾಯುತ್ತಾ ಹೊರಗಿನದು ಗಂಟೆಗಟ್ಟಲೆ ಅಪಾಯದ ವಲಯದಲ್ಲಿ ಕಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ಆ ವಲಯ 5ರಿಂದ 60 ಡಿಗ್ರಿ, ಬೇಯಿಸಿದ್ದು ಹೊರಗಿರಬಹುದಾದ ಅವಧಿ 2 ಗಂಟೆ. ಇದು ಪಾಶ್ಚಾತ್ಯರ ಅತಿಭಯ ಎನ್ನುವವರು ಭಗವದ್ಗೀತೆಯ 17ನೆಯ ಅಧ್ಯಾಯವನ್ನು ತೆರೆಯಬಹುದು: ಯಾಮ ಕಳೆದ ಅನ್ನವನ್ನು ಅಲ್ಲಿ ತಾಮಸರ ಪಾಲಿಗೆ ಬಿಡಲಾಗಿದೆ, ಮತ್ತು ಯಾಮವೆಂದರೆ 3 ಗಂಟೆ. ಕುರುಕ್ಷೇತ್ರಕ್ಕೂ ಜಿನೀವಾಕ್ಕೂ ನಡುವಿನ ಭಿನ್ನಾಭಿಪ್ರಾಯ ಬರೀ ಒಂದು ಗಂಟೆಯದು. ಇಷ್ಟು ದೊಡ್ಡ ಎರಡು ಪ್ರಮಾಣಗಳು ಇಷ್ಟು ಹತ್ತಿರ ಬಂದಿರುವಾಗ ಮೇಜುವಾದಿ ಯಾರ ಬೆಂಬಲ ನೆಚ್ಚಿಕೊಂಡಿದ್ದಾನೋ ತಿಳಿಯದು.

'ಚೆನ್ನಾಗಿ ಕುದಿಸಿದರೆ ಎಲ್ಲ ಸತ್ತುಹೋಗುತ್ತದೆ' ಎಂಬುದು ಮುಂದಿನ ಆಕ್ಷೇಪ, ಮತ್ತು ಮನೆಮನೆಯಲ್ಲಿ ಕೇಳಿಬರುವಂಥದ್ದು. ಇದಕ್ಕೆ ಉತ್ತರ ಸ್ವಲ್ಪ ದೀರ್ಘ. ಅಕ್ಕಿಯ ಜೊತೆಗೇ ಗದ್ದೆಯಿಂದ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆಂದು ಬೀಜಕದ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಅನ್ನ ಬೇಯುವ ಕಾವು ಆ ಬೀಜಕಕ್ಕೆ ಮರಣಶಾಸನವಾಗುವ ಬದಲು ಅಲಾರಂ ಆಗುತ್ತದೆ: ಪ್ರತಿಸ್ಪರ್ಧಿಗಳೆಲ್ಲ ಸತ್ತಿದ್ದಾರೆ, ಮೆತ್ತನೆಯ ಅನ್ನ ಸಿದ್ಧವಿದೆ, ಏಳು ಎಂದು. ಪಾತ್ರೆ ನಿಧಾನಕ್ಕೆ ಆರುತ್ತಾ ಹೋದರೆ ಅದು ಎದ್ದು ಸಂಸಾರ ಹೂಡಿ ಸೀರುಲೈಡ್ ಎಂಬ ವಿಷವನ್ನು ಬಿಟ್ಟುಹೋಗುತ್ತದೆ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಶಾಖದ ಭಯವಂತೂ ಇಲ್ಲ; 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಉಳಿಯುತ್ತದೆ. ನಮ್ಮ ಪ್ರೆಶರ್ ಕುಕ್ಕರಿನ ಒಳಗಿನ ಶಾಖ ಹೆಚ್ಚೆಂದರೆ ಸುಮಾರು 120 ಡಿಗ್ರಿ. ಒಂದೂವರೆ ಗಂಟೆ ಎಡೆಬಿಡದೆ ವಿಷಲ್ ಹೊಡೆಸಿದರೂ ನೆರೆಮನೆಯವರು ಬಾಗಿಲು ಬಡಿಯುವರೇ ಹೊರತು ವಿಷ ಅಳಿಯದು. 1971ರಿಂದೀಚೆಗೆ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡ ಪ್ರಕರಣಗಳನ್ನು ಬಿಡಿಸಿದಾಗ ಸಿಕ್ಕಿದ್ದು ಇದೇ ಕತೆ: ಅನ್ನವನ್ನು ರಾಶಿಯಾಗಿ ಬೇಯಿಸಿ, ಫ್ರಿಜ್ಜಿನಲ್ಲಿಟ್ಟರೆ ಗಂಟುಕಟ್ಟುತ್ತದೆಂದು ರಾತ್ರಿಯಿಡೀ ಹೊರಗೇ ಬಿಟ್ಟು, ಮರುದಿನ ಬಾಣಲೆಯಲ್ಲಿ ಒಂದು ಗಳಿಗೆ ತಿರುಗಿಸಿ ಬಡಿಸುತ್ತಿದ್ದರು. ಅಲ್ಲಿ ಯಾರು ಒಂದಗುಳು ಹಿಸುಕಿ ನೋಡಿದ್ದರೂ ಅದು ಹೂವಿನಂತೆ ಅರಳಿಯೇ ಇರುತ್ತಿತ್ತು. ಅಗುಳು ತನ್ನ ಮೃದುತ್ವ ಹೇಳುತ್ತದೆ, ಚರಿತ್ರೆ ಹೇಳುವುದಿಲ್ಲ. ಸ್ಥಗಿತಾನ್ನದ ಹಣೆಬರಹ ಹೀಗೆ ಫ್ರೀಜರಿಗೆ ಹೋಗುವ ಮುಂಚಿನ ಒಂದು ಗಂಟೆಯಲ್ಲೇ ಬರೆದಾಗಿರುತ್ತದೆ.

ಹಾಗಾದರೆ ಅಜ್ಜಿಯ ತಂಗಳನ್ನ? ಈ ಆಕ್ಷೇಪವನ್ನು ಎತ್ತುವವರು ಸಾಮಾನ್ಯವಾಗಿ ಧ್ವನಿ ಎತ್ತರಿಸಿಯೇ ಎತ್ತುತ್ತಾರೆ. ಅಜ್ಜಿಗೆ ಗೌರವದಿಂದಲೇ ಉತ್ತರಿಸಬೇಕು, ಏಕೆಂದರೆ ಅವಳು ಸರಿ. ಅವಳ ಹೆಸರು ಹೇಳುವ ಮೊಮ್ಮಗ ತಪ್ಪು. ಅಜ್ಜಿ ರಾತ್ರಿಯೇ ಅನ್ನಕ್ಕೆ ನೀರೋ ಮಜ್ಜಿಗೆಯೋ ಹಾಕಿಟ್ಟಳು. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಆ ಪಾತ್ರೆಯಲ್ಲಿ ಬೀಡುಬಿಟ್ಟು ಹುಳಿ ಏರಿಸಿದವು. ಹುಳಿಯಲ್ಲಿ ಬ್ಯಾಸಿಲಸ್ಸಿನ ಆಟ ನಡೆಯದು. ಮೊಮ್ಮಗ ಅನ್ನವನ್ನು ಒಣದಾಗಿ ಕುಕ್ಕರಿನಲ್ಲೇ ಬಿಟ್ಟು ಮಲಗಿ, ಬೆಳಿಗ್ಗೆ ಚಿತ್ರಾನ್ನ ಕಲಸಿ ನಿಂಬೆಹಣ್ಣು ಹಿಂಡುತ್ತಾನೆ. ಇದೂ ಹುಳಿಯೇ ಅಲ್ಲವೇ ಎಂದು ವಾದಿಸುತ್ತಾನೆ. ಹುಳಿಯೇ, ಆದರೆ ಕಳ್ಳ ಹೋದ ಮೇಲೆ ಬಂದ ಗೂರ್ಖಾ.

ಫ್ರಿಜ್ಜುವಾದಿಗಳದು ಮಧ್ಯಮಮಾರ್ಗ. ಫ್ರೀಜರೇಕೆ, ಕೆಳಗಿನ ಅರೆಯಲ್ಲಿ ಇಟ್ಟರಾಗದೇ? ಒಂದು ದಿನದ ಮಟ್ಟಿಗೆ ಧಾರಾಳವಾಗಿ ಆಗುತ್ತದೆ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯೂ ಅನ್ನಕ್ಕೆ ಕೊಡುವ ಫ್ರಿಜ್ ವಾಸದ ಅವಧಿ 24 ಗಂಟೆಯೇ. ತೊಂದರೆ ಇರುವುದು ರುಚಿಯ ಕಡೆ. ಬೆಂದು ಉಬ್ಬಿದ ಪಿಷ್ಟದ ಸರಪಳಿಗಳು ತಣಿದಾಗ ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ನೀರನ್ನು ಹೊರದೂಡುತ್ತವೆ. ಅನ್ನ ಬಿರುಸಾಗುವುದು ಹೀಗೆ. ಈ ಕೆಲಸಕ್ಕೆ ಅವು ಆರಿಸಿಕೊಂಡ ಪ್ರಶಸ್ತ ತಾಪಮಾನ ಸುಮಾರು 4 ಡಿಗ್ರಿ, ಅಂದರೆ ಸರಿಯಾಗಿ ನಮ್ಮ ಫ್ರಿಜ್ಜಿನದು. ಮೈನಸ್ 18ರಲ್ಲಿ ಅವಕ್ಕೆ ಕೈಕಾಲು ಆಡುವುದಿಲ್ಲ. ಹೆಚ್ಚು ತಣ್ಣಗಿಟ್ಟ ಅನ್ನವೇ ಹೆಚ್ಚು ಮೆತ್ತಗೆ ಮರಳುತ್ತದೆ ಎಂಬ ಈ ವಿರೋಧಾಭಾಸವನ್ನು ಅಲಂಕಾರಶಾಸ್ತ್ರಜ್ಞರು ಗಮನಿಸಬೇಕು.

ಇನ್ನು ಸಿದ್ಧಾಂತಪಕ್ಷ. ನ್ಯಾಯ ಸೋತಿದ್ದು ಅಗುಳುಗಳು ಅಸಮಾನವಾದ್ದರಿಂದ. ಸಮಾನತೆಯನ್ನು ತಂದರೆ ಅದು ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಚಿತ್ರಾನ್ನಕ್ಕೆ ಅನ್ನ ಆರಹಾಕುವಂತೆ ಬಿಸಿ ಅನ್ನವನ್ನು ಅಗಲವಾದ ಹರಿವಾಣದಲ್ಲಿ ಹರವಬೇಕು, ಒಂದು ಗಂಟೆಯೊಳಗೆ ಅದು ಆರಿ ಫ್ರೀಜರ್ ಸೇರಬೇಕು. ಇಡುವುದನ್ನು ಚಪ್ಪಟೆಯಾಗಿ ಇಡಬೇಕು, ಎರಡು ಸೆಂಟಿಮೀಟರಿಗಿಂತ ದಪ್ಪ ಬೇಡ, ಒಂದು ಹೊತ್ತಿನದು ಒಂದು ಪೊಟ್ಟಣ. ದಪ್ಪ ಇಮ್ಮಡಿಯಾದರೆ ಹೆಪ್ಪುಗಟ್ಟುವ ಮತ್ತು ಕರಗುವ ಕಾಲ ನಾಲ್ಮಡಿಯ ಹತ್ತಿರ ಹೋಗುತ್ತದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಒತ್ತಿ ತುಂಬುವ ಪದ್ಧತಿ ಈ ಕಾರಣಕ್ಕೂ ತ್ಯಾಜ್ಯ, ಶಬ್ದಪ್ರಮಾಣಕ್ಕೆ ಆಗುವ ಅವಮಾನಕ್ಕೂ ತ್ಯಾಜ್ಯ: ವೆನಿಲಾ ಎಂದು ಬರೆದ ಡಬ್ಬಿಯಲ್ಲಿ ಸೋನಾ ಮಸೂರಿಯನ್ನು ಕಂಡ ಮಗು ಮುಂದೆ ಯಾವ ಗ್ರಂಥವನ್ನು ನಂಬೀತು? ಹೊರತೆಗೆದ ಮೇಲೆ ಕರಗಿಸುವ ಘಟ್ಟವೇ ಬೇಡ, ನೇರವಾಗಿ ಬಿಸಿಗೆ. ಮೈಕ್ರೋವೇವ್ ಆದರೆ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ನಡುವೆ ಹೊರತೆಗೆದು ಗಡ್ಡೆ ಒಡೆದು ಕಲಕಿ, ಮತ್ತೆ ಕಾಯಿಸಿ, ಒಂದು ನಿಮಿಷ ಸುಮ್ಮನೆ ಬಿಡಬೇಕು. ಕಲಕುವುದೆಂದರೆ ಇಲ್ಲಿ ಭೂಸುಧಾರಣೆಯೇ.

ಆದರೆ ಉತ್ತಮೋತ್ತಮ ಉಪಾಯ ಇಡ್ಲಿಪಾತ್ರೆ. ಹಬೆಗೆ ಒಂದು ಅಪೂರ್ವ ಗುಣವಿದೆ: ಎಲ್ಲಿ ಹೆಚ್ಚು ತಣ್ಣಗಿದೆಯೋ ಅಲ್ಲಿಗೇ ಹೋಗಿ ನೀರಾಗುತ್ತದೆ, ನೀರಾಗುವಾಗ ತನ್ನ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಮೈಕ್ರೋವೇವ್ ಉಳ್ಳವರನ್ನು ಹುಡುಕಿದರೆ ಹಬೆ ಇಲ್ಲದವರನ್ನು ಹುಡುಕುತ್ತದೆ. ಕಾಯಿಸುವ ಕೆಲಸಕ್ಕೆ ಜೊತೆಯಾಗಿ ಬಿರುಸಾದ ಅಗುಳಿಗೆ ನೀರನ್ನೂ ಕುಡಿಸುತ್ತದೆ. ಇಷ್ಟಾದ ಮೇಲೂ ಹಳೆಯ ಸೂತ್ರಕ್ಕೆ ಒಂದು ತಿದ್ದುಪಡಿ ಬೇಕು: ಸಿಕ್ಕಿದ ಅಗುಳನ್ನು ಹಿಸುಕತಕ್ಕದ್ದಲ್ಲ, ಮುದ್ದೆಯ ನಟ್ಟನಡುವಿನ ಅಗುಳನ್ನು ಹಿಸುಕತಕ್ಕದ್ದು, ಮತ್ತು ಅದು ಬೆರಳಿಗೆ ಚುರ್ ಎನ್ನತಕ್ಕದ್ದು. 70 ಡಿಗ್ರಿ ದಾಟಿರಬೇಕೆಂಬುದು ಶಾಸ್ತ್ರ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಬೆರಳು ಹಿಂದಕ್ಕೆ ಜಿಗಿದರೆ ದಾಟಿದೆಯೆಂದು ಸದ್ಯಕ್ಕೆ ಊಹಿಸಬಹುದು. ಒಮ್ಮೆ ಹೀಗೆ ಬಿಸಿಯಾದದ್ದಕ್ಕೆ ಮರಳಿ ಫ್ರೀಜರ್ ಪ್ರವೇಶವಿಲ್ಲ.

ಕೊನೆಯ ಆಕ್ಷೇಪ ಬಹಳ ಸರಳ, ಆದ್ದರಿಂದ ಬಹಳ ಕಠಿಣ: ಇಷ್ಟೆಲ್ಲಾ ರಾಮಾಯಣ ಏಕೆ, ಮೂರು ವಿಷಲ್ ಹೊಡೆಸಿ ಹೊಸದಾಗಿ ಅನ್ನ ಮಾಡಿಕೊಂಡರಾಯಿತಲ್ಲ? ಮಾಡಿಕೊಳ್ಳಬಹುದು. ಅದರಲ್ಲೂ ಉಳಿಯುತ್ತದೆ. ಭಾನುವಾರವೇ ವಾರದ ಅನ್ನ ಮಾಡಿಟ್ಟುಕೊಳ್ಳುವ ನ್ಯೂಜೆರ್ಸಿಯ ಕನ್ನಡ ಮನೆಯಾಗಲಿ, ದಿನಕ್ಕೆರಡು ಸಲ ಕುಕ್ಕರ್ ಇಡುವ ಮಲ್ಲೇಶ್ವರದ ಮನೆಯಾಗಲಿ, ಅಳತೆಗೆ ಸರಿಯಾಗಿ ಅನ್ನ ಮಾಡುವ ವಿದ್ಯೆ ನಮಗೆ ಒಲಿದಿಲ್ಲ. ಪಾವು ತುಂಬಿ ಅಕ್ಕಿ ಹಾಕಿದ ಮೇಲೂ ಕೈ ತಾನಾಗಿ ಡಬ್ಬಕ್ಕೆ ಹೋಗಿ ಇನ್ನೊಂದು ಹಿಡಿಯನ್ನು ತರುತ್ತದೆ, ಯಾರಾದರೂ ಬಂದರೆ ಇರಲಿ ಎಂದು. ಆ ಯಾರಾದರೂ ಇನ್ನೂ ಬಂದಿಲ್ಲ. ಅವರ ಪಾಲಿನ ಅನ್ನ, ಚಪ್ಪಟೆಯಾಗಿ, ದಿನಾಂಕ ಸಮೇತ, ಹಸಿ ಬಟಾಣಿ ಪೊಟ್ಟಣದ ಪಕ್ಕದಲ್ಲಿದೆ.